ಕೈ ತೊಳೆಯದವರ ಲೆಕ್ಕ

ಬೀಗದ ಕಾರ್ಖಾನೆಯ ಕೆಲಸಗಾರರೆಲ್ಲ, ಒಬ್ಬರೂ ಬಿಡದಂತೆ, ತಾವು ಊಟಕ್ಕೆ ಮುಂಚೆ ಸೋಪು ಹಾಕಿ ಕೈ ತೊಳೆಯುತ್ತೇವೆಂದು ಬರೆದುಕೊಟ್ಟದ್ದೇ ಈ ತಾಪತ್ರಯಕ್ಕೆಲ್ಲ ಮೂಲ.

"ಪ್ರಶ್ನೆ ಕೇಳಿದ್ರೆ ಎಲ್ರೂ ಹರಿಶ್ಚಂದ್ರರೇ ಕಣ್ರೀ," ಎಂದು ಸಂಶೋಧನೆಯ ಮಾರ್ಗದರ್ಶಕಿ ಮೇಡಂ ಪ್ರಶ್ನಾವಳಿಯ ಕಟ್ಟನ್ನು ಮೇಜಿನ ಆಚೆಗೆ ತಳ್ಳಿದರು. "ಆ ಕ್ಯಾಂಟೀನಲ್ಲಿ ಇಟ್ಟಿರೋ ಸೋಪಿನ ಮೇಲಿನ ಅಕ್ಷರ ಕೂಡ ಇನ್ನೂ ಅಳಿಸಿಲ್ಲವಂತೆ! ಕೇಳಬೇಡಿ, ನೋಡಿ. ನೀವು ನೋಡ್ತಿರೋದು ಅವರಿಗೆ ಗೊತ್ತಾಗಬಾರದು. ನಾಳೆ ಸಂಜೆಗೆ ಲೆಕ್ಕ ತಂದ್ರೆ ನಿಮ್ಮ ಪ್ರಬಂಧ ಸಮಿತಿ ಮುಂದೆ ಹೋಗುತ್ತೆ. ತರದಿದ್ರೆ ನಿಮ್ಮ ಪಾಡು ನಿಮಗೆ."

ಬೇರೆ ಯಾರಾದರೂ ಆಗಿದ್ದರೆ ಕುಗ್ಗಿಹೋಗುತ್ತಿದ್ದರು. ಆದರೆ ಎದುರಿಗೆ ಕೂತಿದ್ದ ಈ ಸಂಶೋಧಕರು ಕುಗ್ಗುವ ಪೈಕಿ ಅಲ್ಲ. ಏಳು ವರ್ಷದಿಂದ ಡಾಕ್ಟರೇಟಿಗೆ ದುಡಿಯುತ್ತಿದ್ದ ಇವರಿಗೆ ಸಂಸ್ಥೆಯಲ್ಲೂ ಬೀದಿಯಲ್ಲೂ 'ಅರ್ಧ ಡಾಕ್ಟರು' ಎಂದೇ ಹೆಸರು. ಉಳಿದರ್ಧವನ್ನು ತಾಳಿಕೊಳ್ಳುವಷ್ಟು ಲೋಕ ಇನ್ನೂ ಹಣ್ಣಾಗಿಲ್ಲ ಎಂದು ಅವರು ಮನಸಾರೆ ನಂಬಿದ್ದರು.

ಮಾರನೇ ದಿನ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ಹೆಂಡತಿಗೆ ಹೇಳಿದರು: "ಪ್ರಶ್ನೆ ಕೇಳೋಕೆ ಯಾರಿಗೆ ಬೇಕಾದ್ರೂ ಆಗುತ್ತೆ ಕಣೇ. ವೀಕ್ಷಣೆ ಮಾಡೋಕೆ ಗುಂಡಿಗೆ ಬೇಕು. ಇವತ್ತು ನಾನು ಮನುಷ್ಯನೇ ಅಲ್ಲ, ಬರೀ ಕಣ್ಣು!"

"ಬರೀ ಕಣ್ಣೇ ಸಾಕು ಅಂದ್ರೆ, ಬಾಯಿ ಮನೇಲೇ ಬಿಟ್ಟು ಹೋಗಿ," ಎಂದಳು ಹೆಂಡತಿ. "ಏಳು ವರ್ಷದಲ್ಲಿ ನಿಮ್ಮ ಕೆಲಸ ಕೆಡಿಸಿದ್ದು ಅದೇ."

ಅರ್ಧ ಡಾಕ್ಟರು ಕಾರ್ಖಾನೆಯ ಕ್ಯಾಂಟೀನಿನಲ್ಲಿ, ಕೈ ತೊಳೆಯುವ ನಲ್ಲಿಗಳ ಎದುರಿಗೇ ಒಂದು ಕುರ್ಚಿ ಹಿಡಿದು, ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದರು. ಮಧ್ಯದಲ್ಲಿ ಕಣ್ಣಿಗೆ ಬೇಕಾದಷ್ಟು ತೂತು ಮಾಡಿಕೊಂಡಿದ್ದರು. ಊಟದ ಮೊದಲ ಪಾಳಿಯವರು ಗ್ರೀಸು ಮೆತ್ತಿದ ಕೈಗಳನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತ ಒಳಬರತೊಡಗಿದರು. ಡಾಕ್ಟರ ಎದೆ ಹಿಗ್ಗಿತು. ಅಷ್ಟರಲ್ಲಿ ಗೇಟಿನ ಕಾವಲುಗಾರ ಟೀ ಕುಡಿಯಲು ಬಂದ.

"ಓಹೋ, ಸರ್ವೆ ಸಾಹೇಬ್ರು!" ಎಂದು ಅವನು ಗೇಟಿನಾಚೆಯ ಲಾರಿಯನ್ನು ಕರೆಯುವ ದನಿಯಲ್ಲಿ ಕೂಗಿದ. "ಮೊನ್ನೆ ಕೈ ತೊಳೆಯೋದ್ರ ಬಗ್ಗೆ ಕೇಳಿದ್ರಲ್ಲ, ಇವತ್ತು ನೋಡೋಕೇ ಬಂದ್ರಾ? ಪೇಪರನ್ನ ಇಲಿ ಕಡಿದಿದೆ ನೋಡಿ ಸಾರ್!"

ಆಯಿತು. ನಲ್ಲಿಯ ಮುಂದೆ ಸಂತೆ ನೆರೆಯಿತು. ಕೈ ತೊಳೆದವನೇ ಮೊಣಕೈ ತೊಳೆದ, ಮೊಣಕೈ ತೊಳೆದವನೇ ಕುತ್ತಿಗೆ ತೊಳೆದ. ಒಬ್ಬ ಮಹಾಶಯ ಊಟ ಮುಗಿಸಿ ಹೊರಟಿದ್ದವನು, ಎಲ್ಲಿ ತನ್ನ ಹೆಸರು ಬಿಟ್ಟುಹೋಯಿತೋ ಎಂದು ವಾಪಸು ಬಂದು ಸಾಲಿನಲ್ಲಿ ನಿಂತ. ಸೋಪು ಕಂಡವರ ಪಾಲಾಗಿ ಚೂರಾಯಿತು.

ಇದು ಸಾಲದೆಂಬಂತೆ ಲೆಕ್ಕದ ಗುಮಾಸ್ತ ಬಂದು ಪಕ್ಕದಲ್ಲಿ ಕೂತು ಪಿಸುಗುಟ್ಟಿದ: "ನೀವು ಹೆಡ್ಡಾಫೀಸಿಂದ ಬಂದಿರೋದು ಅಂತ ನಂಗೆ ಗೊತ್ತು ಬಿಡಿ. ನಿನ್ನೆ ನಾನು ಬೇಗ ಊಟಕ್ಕೆದ್ದಿದ್ದು ನಿಜ. ಆದ್ರೆ ಹೊಟ್ಟೆಯಲ್ಲಿ ಹುಣ್ಣಿದೆ ಸಾರ್. ಬೇಕಾದ್ರೆ ನಮ್ಮ ಭಾವನ್ನ ಕೇಳಿ."

"ನಾನು ಯಾರೂ ಅಲ್ಲಪ್ಪ!"

"ಹಾಗೆ ಹೇಳೋರೇ ದೊಡ್ಡೋರು," ಎಂದು ಗುಮಾಸ್ತ ಕೈಮುಗಿದ.

ಡಾಕ್ಟರು ಎದ್ದು ಹೊರನಡೆದರು. ಹಿಂದಿನಿಂದ ಕಾವಲುಗಾರನ ಕೂಗು ಕೇಳಿಸಿತು: "ಹೋದ್ರು, ಹೋದ್ರು!" ನಲ್ಲಿಗಳು ಒಂದೊಂದಾಗಿ ನಿಂತವು.

ಸೋಲೊಪ್ಪುವ ಜಾತಿಯೇ ಅದು? 'ದೂರ ನಿಂತು ನೋಡಿದ್ದೇ ತಪ್ಪು. ಅವರೊಳಗೆ ಒಬ್ಬನಾಗಿ ಬೆರೆತು ನೋಡಬೇಕು. ಪಾಲ್ಗೊಂಡು ವೀಕ್ಷಿಸುವುದು ವಿಧಾನಗಳಲ್ಲೇ ಕಿರೀಟ!' ಎಂದುಕೊಂಡು ಅವರು ಹಿತ್ತಲ ಬಾಗಿಲಿನಿಂದ ಅಡುಗೆಮನೆಗೆ ನುಗ್ಗಿದರು. ಕ್ಯಾಂಟೀನ್ ನಡೆಸುವ ಅಕ್ಕನಿಗೆ ಅಂದು ಬಡಿಸುವ ಹುಡುಗ ಕೈಕೊಟ್ಟಿದ್ದ. ಆಕೆ ಇವರನ್ನು ಅಡಿಯಿಂದ ಮುಡಿವರೆಗೆ ನೋಡಿದಳು.

"ಏಜೆನ್ಸಿಯವರು ಕಳಿಸಿದ್ರಾ? ಬೇಗ ಬರೋಕೇನಯ್ಯಾ ನಿಂಗೆ! ಆ ಟೋಪಿ ಹಾಕ್ಕೋ, ಬಾಯಿಗೆ ಬಟ್ಟೆ ಕಟ್ಕೋ, ಕಿಟಕೀಲಿ ನಿಂತು ಬಡಿಸು."

ಬಡಿಸುವ ಕಿಟಕಿಯಿಂದ ನಲ್ಲಿಗಳು ಅಂಗೈ ಗೆರೆಯಷ್ಟು ಸ್ಪಷ್ಟ. ಡಾಕ್ಟರ ಮೈ ಪುಳಕಗೊಂಡಿತು. ಆದರೆ ಎರಡೂ ಕೈಗೆ ಬಡಿಸುವ ಕೆಲಸ, ಬರೆದುಕೊಳ್ಳುವುದು ಹೇಗೆ? ಪಕ್ಕದ ಬುಟ್ಟಿಯಲ್ಲಿ ಹಸಿ ಬಟಾಣಿ ಕಾಳು ಕಂಡಿತು. ಕೈ ತೊಳೆಯದೆ ಬಂದವನೊಬ್ಬನಿಗೆ ಒಂದು ಕಾಳಿನಂತೆ ಜೇಬಿಗೆ! ಈ ಉಪಾಯ ಹೊಳೆದ ತಮ್ಮ ತಲೆಯ ಬಗ್ಗೆ ಅವರಿಗೇ ಗೌರವ ಮೂಡಿತು.

ಎರಡನೇ ಪಾಳಿ ಬಂತು. ಸರ್ವೆ ಸಾಹೇಬರು ಹೋದ ಸಂತೋಷದಲ್ಲಿ ಜನ ನಲ್ಲಿಯ ಕಡೆ ತಲೆಯೂ ಹಾಕಲಿಲ್ಲ. ಟಪ್, ಒಂದು ಕಾಳು. ಟಪ್, ಇನ್ನೊಂದು. ಮಧ್ಯೆ ಅಕ್ಕ ಕೂಗುತ್ತಿದ್ದಳು: "ಏಯ್ ಹೊಸಬ, ಆ ಮೋರಿ ಕಟ್ಟಿಕೊಂಡಿದೆ, ಒಂದು ಕಡ್ಡಿ ಆಡಿಸು!" ಆಡಿಸಿದರು. "ಕಸದ ಡಬ್ಬ ಆಚೆ ಇಡು!" ಇಟ್ಟರು. ಓಡಿಬಂದು ಬ್ರೆಡ್ಡು ಕೊಟ್ಟರು, ಮೊಟ್ಟೆ ಕೊಟ್ಟರು, ಕಾಳು ಇಳಿಸಿದರು. ಕಣ್ಣು ಮಾತ್ರ ನಲ್ಲಿ ಬಿಟ್ಟು ಕದಲಲಿಲ್ಲ. ಅರ್ಜುನನಿಗೆ ಹಕ್ಕಿಯ ಕಣ್ಣು ಕಂಡಂತೆ ಅವರಿಗೆ ಜನರ ಕೊಳಕು ಬೆರಳುಗಳಷ್ಟೇ ಕಾಣುತ್ತಿದ್ದವು. 'ಛೀ, ಎಂಥ ಜನ!' ಎಂದು ತಾವು ಹುಟ್ಟಿದ ಮನೆತನದ ಬಗ್ಗೆ ಹೆಮ್ಮೆಪಟ್ಟರು.

ಊಟದ ಹೊತ್ತು ಮುಗಿಯುತ್ತ ಬಂದಾಗ ಯಾರೋ ಅವರ ಮಣಿಕಟ್ಟು ಹಿಡಿದರು. ಅಕ್ಕ!

"ಆವಾಗಿಂದ ನೋಡ್ತಿದ್ದೀನಿ. ನನ್ನ ಬಟಾಣಿ ಜೇಬಿಗಿಳಿಸ್ತೀಯಾ? ಕದಿಯೋದೇ ಆದ್ರೆ ಮೊಟ್ಟೆ ಕದೀಬಾರ್ದಾ, ದರಿದ್ರದವನೇ! ಹಾಕು ಪಾತ್ರೆಗೆ!"

ತಾನು ಯಾರೆಂದು ಹೇಳಿದರೆ ಕಾರ್ಖಾನೆಗೇ ಗೊತ್ತಾಗುತ್ತದೆ. ಹೇಳದಿದ್ದರೆ ಏಳು ವರ್ಷದ ತಪಸ್ಸು ಕುದಿಯುವ ಪಾತ್ರೆಗೆ ಬೀಳುತ್ತದೆ. ಡಾಕ್ಟರು ಕ್ಷಣಕಾಲ ಕಣ್ಣುಮುಚ್ಚಿದರು. ಆಮೇಲೆ ಜೇಬಿಗೆ ಕೈಹಾಕಿ, ಒಂದೊಂದೇ ಕಾಳನ್ನು ಪಾತ್ರೆಗೆ ಹಾಕುತ್ತ ಗಟ್ಟಿಯಾಗಿ ಎಣಿಸತೊಡಗಿದರು. "ಒಂದು... ಎರಡು... ಮೂರು..."

ಊಟ ಮಾಡುತ್ತಿದ್ದವರೂ ದನಿಗೂಡಿಸಿದರು. ಅರವತ್ಮೂರಕ್ಕೆ ಜೇಬು ಖಾಲಿಯಾಯಿತು. ಜನ ಚಪ್ಪಾಳೆ ತಟ್ಟಿದರು.

"ಕದ್ದಿದ್ದನ್ನ ಎಣಿಸಿ ವಾಪಸ್ ಕೊಡೋ ಕಳ್ಳನ್ನ ಇವತ್ತೇ ನೋಡಿದ್ದು ನಾನು," ಎಂದು ಅಕ್ಕ ಬೆರಗಾಗಿ ಕೈಬಿಟ್ಟಳು. ಡಾಕ್ಟರು ಟೋಪಿ, ಬಟ್ಟೆ ಕಿತ್ತೆಸೆದು ಹಿತ್ತಲಿನಿಂದ ಓಡಿದರು. ಕಳ್ಳನೆನಿಸಿಕೊಂಡದ್ದಕ್ಕೆ ಲವಲೇಶವೂ ನಾಚಿಕೆಯಿರಲಿಲ್ಲ. ವಿಜ್ಞಾನಕ್ಕಾಗಿ ವಿಷ ಕುಡಿದವರಿದ್ದಾರಂತೆ. ಬಟಾಣಿ ಯಾವ ಲೆಕ್ಕ?

ಸಂಜೆ ಮೇಡಂ ಕೋಣೆಗೆ ಹೋದಾಗ ಅಲ್ಲೊಬ್ಬಳು ಅಪರಿಚಿತ ಹುಡುಗಿ ಕೂತಿದ್ದಳು.

"ಎರಡನೇ ಪಾಳಿ, ತೊಳೆಯದವರು ಅರವತ್ಮೂರು!" ಎಂದು ಡಾಕ್ಟರು ಎದೆಯುಬ್ಬಿಸಿ ಘೋಷಿಸಿದರು.

ಮೇಡಂ ಮುಖ ಅರಳಿತು. "ಕೂತ್ಕೊಳ್ಳಿ. ಒಬ್ಬರೇ ನೋಡಿದ ಲೆಕ್ಕವನ್ನ ಸಮಿತಿಯವರು ಒಪ್ಪಲ್ಲ. ಅದಕ್ಕೇ ನಿಮಗೂ ಹೇಳದೆ ಇವಳನ್ನ ಕಳಿಸಿದ್ದೆ. ನನ್ನ ಹೊಸ ವಿದ್ಯಾರ್ಥಿನಿ. ಎರಡನೇ ಪಾಳೀಲಿ ಮೂಲೆಯ ಮೇಜಲ್ಲಿ ಕೂತಿದ್ಳು. ನಿನ್ನ ಲೆಕ್ಕ ಹೇಳಮ್ಮ."

"ಅರವತ್ನಾಲ್ಕು ಮೇಡಂ."

"ನೋಡಿದ್ರಾ! ಒಂದೇ ಒಂದು ವ್ಯತ್ಯಾಸ!" ಏಳು ವರ್ಷದಲ್ಲಿ ಮೊದಲ ಸಲ ಮೇಡಂ ಎದ್ದು ಬಂದು ಅವರ ಕೈಕುಲುಕಿದರು. ಡಾಕ್ಟರ ಕಣ್ಣು ತುಂಬಿಬಂತು. "ಅದ್ಯಾರಮ್ಮ ಇವರ ಕಣ್ತಪ್ಪಿಸಿದ ಆ ಒಬ್ಬ?"

"ಬಡಿಸೋನು ಮೇಡಂ," ಎಂದಳು ಹುಡುಗಿ, ಮುಖ ಸಿಂಡರಿಸಿ. "ಮೋರಿಗೆ ಕೈ ಹಾಕ್ದ, ಕಸ ಎತ್ತಿದ, ಅದೇ ಕೈಯಲ್ಲಿ ಎಲ್ರಿಗೂ ಬ್ರೆಡ್ಡು ಹಂಚಿದ. ಕೊನೆಗೆ ಜೇಬಿನ ಕಾಳನ್ನೂ ಪಾತ್ರೆಗೆ ಹಾಕೋಕೆ ಶುರು ಮಾಡ್ದ, ನೋಡೋಕಾಗ್ದೆ ನಾನು ಎದ್ದು ಬಂದ್ಬಿಟ್ಟೆ. ನಲ್ಲಿ ಕಡೆಗೇ ನೋಡ್ತಿದ್ದ, ಒಂದು ಸಲಾನೂ ತೊಳೀಲಿಲ್ಲ."

ಮೇಡಂ ಕುರ್ಚಿಗೆ ಕುಸಿದರು. "ಅಯ್ಯಯ್ಯೋ! ಉಳಿದ ಅರವತ್ಮೂರು ಜನ ತಂತಮ್ಮ ಹೊಟ್ಟೆ ಕೆಡಿಸ್ಕೊಂಡ್ರು. ಇವನು ಇಡೀ ಕಾರ್ಖಾನೇದು ಕೆಡಿಸಿದ್ನಲ್ರೀ! ಪ್ರಬಂಧದ ಜೀವಾಳ ಇವನೇ. ನೀವು ಇವನನ್ನ ಹುಡುಕಿ, ಎದುರಿಗೆ ಕೂರಿಸ್ಕೊಂಡು ಆಳವಾದ ಸಂದರ್ಶನ ಮಾಡಿ. ಅದನ್ನ ತರೋವರೆಗೂ ಸಮಿತಿಯ ಮಾತೇ ಬೇಡ. ನೋಡೋಕೆ ಹೇಗಿದ್ನಮ್ಮ?"

"ಮುಖಕ್ಕೆ ಬಟ್ಟೆ ಕಟ್ಟಿದ್ದ ಮೇಡಂ, ಕಾಣಲಿಲ್ಲ. ಆದ್ರೆ ಅದೇನೋ ಲೋಕ ಉದ್ಧಾರ ಮಾಡ್ತಿರೋನ ಹಾಗೆ ಎದೆ ಉಬ್ಬಿಸ್ಕೊಂಡು ನಿಂತಿದ್ದ."

ಅರ್ಧ ಡಾಕ್ಟರು ಹಿಡಿದಿದ್ದ ಉಸಿರನ್ನು ಮೆಲ್ಲಗೆ ಹೊರಬಿಟ್ಟು, ಎದೆಯನ್ನು ಒಳಗೆಳೆದುಕೊಂಡರು.

ಮೇಡಂ ತಮ್ಮ ಬಲಗೈಯನ್ನು ಒಮ್ಮೆ ಮೂಸಿ ನೋಡಿ, ಹುಬ್ಬು ಗಂಟಿಕ್ಕಿದರು. "ಇದೇನ್ರೀ ಇದು, ಹಸಿ ಬಟಾಣಿ ವಾಸನೆ?"