ಹೆಣ್ಣು ನೋಡಲು ಬಂದ ವ್ಯಾಕರಣ

ಎರಡು ವಾಕ್ಯ ಮುಂದಿಟ್ಟು 'ಸರಿಯಾದದ್ದನ್ನು ಆರಿಸು' ಎನ್ನುವವರನ್ನು ಕಂಡರೆ ನನಗಾಗುವುದಿಲ್ಲ. ಕೇಳುವವರಿಗೆ ಉತ್ತರ ಮೊದಲೇ ಗೊತ್ತಿರುತ್ತದೆ. ಗೊತ್ತಿದ್ದೂ ಕೇಳುವುದು ಎದುರಿನವರ ಮುಖ ಬಾಡುವುದನ್ನು ನೋಡುವುದಕ್ಕಲ್ಲದೆ ಮತ್ತೇತಕ್ಕೆ? ಮ್ಯಾಟ್ರಿಕ್ ಮುಗಿದರೆ ಈ ಕಾಟವೂ ಮುಗಿಯಿತು ಎಂದುಕೊಂಡಿದ್ದೆ. ಆದರೆ ನನ್ನ ಪಾಲಿನ ಪ್ರಶ್ನೆಪತ್ರಿಕೆ ಸಿದ್ದಾಪುರದ ನಮ್ಮ ಮನೆಯ ಜಗಲಿಗೇ ಬಂದು ಕೂತಿತು.

ಹೆಣ್ಣು ನೋಡಲು ಬಂದವರು ಹಾಡು ಹೇಳಿಸುತ್ತಾರೆ, ರಂಗೋಲಿ ಇಡಿಸುತ್ತಾರೆ, ಕುಂಟೇನಾದರೂ ಇದೆಯೋ ಎಂದು ನಡೆಸಿ ನೋಡುತ್ತಾರೆ. ಶಿರಸಿಯಿಂದ ಬಂದ ಹುಡುಗನ ಅಪ್ಪ ನಿವೃತ್ತ ಇಂಗ್ಲಿಷ್ ಮಾಸ್ತರರು. ಅವರಿಗೆ ಇದೊಂದೂ ಬೇಡ. ಹೋದಲ್ಲೆಲ್ಲ ಅವರು ಕೇಳುವುದು ವ್ಯಾಕರಣ. ಬಿಳಗಿಯ ಹುಡುಗಿಯೊಬ್ಬಳು ಕೇಳಿದ್ದಕ್ಕೆಲ್ಲ ಸರಿ ಉತ್ತರ ಹೇಳಿದ್ದಳಂತೆ. ಮರುದಿನವೇ ಅವಳ ಜಾತಕ 'ಕೂಡಿ ಬರುವುದಿಲ್ಲ' ಎಂದು ವಾಪಸು ಬಂದಿತ್ತು. ಆದ್ದರಿಂದಲೇ ನನಗೆ ಸೀರೆ ಉಡಿಸುವಾಗ ಸೋದರತ್ತೆ ಕಿವಿಯಲ್ಲಿ ಊದಿದಳು: "ಕೂಸೇ, ಮಾಣಿ ಇಂಗ್ಲಿಷಲ್ಲಿ ಎರಡು ಸಲ ಡುಮ್ಕಿ ಹೊಡೆದಿದ್ನಡ. ನೀ ಸರಿ ಹೇಳಿದ್ರೆ ಅಂವ ಮುಖ ಎಲ್ಲಿ ಇಟ್ಕತ್ತ? ಸುಮ್ಮಂಗೆ ತಪ್ಪು ಹೇಳಿಬಿಡು." ನನ್ನ ಹಿಂದೆ ಇನ್ನಿಬ್ಬರು ತಂಗಿಯರಿದ್ದರು. ಶಾಲೆಯಲ್ಲಿ ಇಂಗ್ಲಿಷಿಗೆ ನಾನೇ ಮೊದಲು ಎಂಬುದನ್ನು ಅಪ್ಪ ಬಂದವರ ಮುಂದೆ ಬಾಯಿ ಬಿಡಲಿಲ್ಲ, ಯಾವುದೋ ರೋಗ ಮುಚ್ಚಿಟ್ಟ ಹಾಗೆ.

ಮಾಸ್ತರರು ಅವಲಕ್ಕಿ ತಿಂದು ಕೈ ತೊಳೆದು, ಕನ್ನಡಕ ಏರಿಸಿ, ಎರಡು ವಾಕ್ಯ ಓದಿದರು. ನಿದ್ದೆಗಣ್ಣಿನಲ್ಲೂ ಹೇಳಬಹುದಾದಷ್ಟು ಸುಲಭ. ನಾನು ತಲೆ ತಗ್ಗಿಸಿ ತಪ್ಪಾದದ್ದನ್ನು ಆರಿಸಿದೆ. ಅವರ ಮುಖ ಅರಳಿತು. "ಅಡ್ಡಿಲ್ಲೆ. ತಿದ್ದಲೆ ಜಾಗ ಇದ್ದು" ಎಂದರು. ಹುಡುಗನೂ ನಕ್ಕ. ಪುಣ್ಯಾತ್ಮ ನಕ್ಕದ್ದು ಯಾಕೆಂದು ಮದುವೆಯಾದ ಮೇಲೆ ತಿಳಿಯಿತು. ಅವನೂ ಮನಸ್ಸಿನಲ್ಲಿ ಅದನ್ನೇ ಆರಿಸಿದ್ದನಂತೆ! ನಮ್ಮಿಬ್ಬರ ಮನಸ್ಸು ಆವತ್ತೇ ಕೂಡಿತ್ತು ಎಂದು ಇಂದಿಗೂ ನಂಬಿಕೊಂಡಿದ್ದಾನೆ.

ತಿದ್ದುವುದೆಂಬುದು ಮಾವ ಸುಮ್ಮನೆ ಹೇಳಿದ ಮಾತಲ್ಲ. ಮಧ್ಯಾಹ್ನದ ಊಟವಾಗಿ ನಾನು ಎಂಜಲು ಬಳಿದು ಬರುವುದನ್ನೇ ಕಾದಿದ್ದು ಎರಡು ವಾಕ್ಯ ಎತ್ತುತ್ತಿದ್ದರು. ಎಲ್ಲ ಸರಿ ಹೇಳಿದರೆ ಅವರ ಮುಖ ಸಪ್ಪಗಾಗುತ್ತಿತ್ತು, ಎಲ್ಲ ತಪ್ಪು ಹೇಳಿದರೆ ನನ್ನ ತವರಿನವರೆಗೆ ಬೈಗುಳ ಹೋಗುತ್ತಿತ್ತು. ಹಾಗಾಗಿ ತಂಬುಳಿಗೆ ಉಪ್ಪು ಹಾಕುವ ಹದದಲ್ಲಿ ತಪ್ಪು ಹಾಕುವುದನ್ನು ಕಲಿತೆ. ಅಡುಗೆಗಿಂತ ಅದೇ ನನಗೆ ಚೆನ್ನಾಗಿ ಬರುತ್ತಿತ್ತು ಎಂದು ಅತ್ತೆಯೂ ಒಪ್ಪಿಯಾರು.

ಹೀಗಿರುವಾಗ ಹೊಸದಾಗಿ ತೆರೆದ ಹೈಸ್ಕೂಲಿನ ಕಮಿಟಿಯವರು ಮನೆಗೆ ಬಂದರು. ಹುಡುಗಿಯರಿಗೆ ಇಂಗ್ಲಿಷ್ ಹೇಳಲು ಹೆಂಗಸೊಬ್ಬರು ಬೇಕಿತ್ತು. ಮ್ಯಾಟ್ರಿಕ್ ಆದ ಸೊಸೆ ಇದ್ದಾಳೆಂದು ಕೇಳಿ ಬಂದಿದ್ದರು. ಒಳಗೆ ಚಹಾ ಸೋಸುತ್ತಲೇ ಕಿವಿಗೊಟ್ಟೆ. ಬದುಕಿನಲ್ಲಿ ಅಷ್ಟು ಆಸೆ ನನಗೆ ಯಾವುದರ ಮೇಲೂ ಆಗಿರಲಿಲ್ಲ, ಮದುವೆಯ ಮೇಲಂತೂ ಅಲ್ಲ. ಹೊರಗೆ ಮಾವ ನಗುತ್ತಿದ್ದರು: "ನಮ್ಮನೆ ಸೊಸೆಯಾ? ನೋಡಲೆ ಹೋದಾಗ್ಲೇ ಸಣ್ಣ ಪ್ರಶ್ನೆಗೆ ತಪ್ಪಿದ್ದು ಅದು!" ಬಂದವರೂ ನಕ್ಕರು.

ಚಹಾದ ಲೋಟಗಳನ್ನು ಹೊರಗೆ ತಂದು ಅವರ ಮುಂದೆ ಕುಕ್ಕಿ ಹೇಳಿಬಿಟ್ಟೆ. "ಮಾವಾ, ನಂಗೆ ಆವತ್ತೇ ಸರಿ ಉತ್ತರ ಗೊತ್ತಿತ್ತು. ನಿಮ್ಮನೆ ಮಾಣಿ ಮರ್ಯಾದೆ ಉಳಿಸಲೆ ತಪ್ಪು ಹೇಳಿದ್ದು."

ಮಾವ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು. "ಗೊತ್ತಿದ್ದೂ ತಪ್ಪು ಹೇಳಿದ್ಯ? ಹಂಗಾರೆ ಮಕ್ಕಳಿಗೆ ಪಾಠ ಹೇಳಲೆ ನೀನು ಮೊದಲೇ ಆಗ್ತಿಲ್ಲೆ ತಂಗಿ." ಕಮಿಟಿಯವರು ತಲೆದೂಗಿ ಚಹಾ ಕುಡಿದು ಎದ್ದರು. ರಾತ್ರಿ ಗಂಡನ ಚಿಂತೆ ಬೇರೆಯೇ ಇತ್ತು: "ಅಂದ್ರೆ ನಾವಿಬ್ರೂ ಹೇಳಿದ್ದು ತಪ್ಪಾ?"

ಆ ಕೆಲಸ ಬೇರೆ ಯಾರಿಗೋ ಹೋಯಿತು. ಆದರೆ ಊರಿನಲ್ಲಿ ಸುದ್ದಿ ಹಬ್ಬಿ ನನಗೆ ಇನ್ನೊಂದು ಕೆಲಸ ತಾನಾಗಿ ಸಿಕ್ಕಿತು. ಹುಡುಗಿ ನೋಡಲು ಬರುವವರಿದ್ದಾರೆಂದರೆ ಓಣಿಯ ತಾಯಂದಿರು ಮಗಳನ್ನು ನನ್ನ ಹತ್ತಿರ ಕಳಿಸುತ್ತಾರೆ. ಎಲ್ಲಿ ತಡವರಿಸಬೇಕು, ಯಾವ ಮಾತಿಗೆ ನೆಲ ನೋಡಬೇಕು, ಓದಿದ್ದರಲ್ಲಿ ಎಷ್ಟನ್ನು ಮರೆತಂತಿರಬೇಕು ಎಂದೆಲ್ಲ ಹೇಳಿಕೊಡುತ್ತೇನೆ. ನನ್ನ ಶಿಷ್ಯೆಯರಲ್ಲಿ ಇದುವರೆಗೆ ಒಬ್ಬಳೂ ನಪಾಸಾಗಿಲ್ಲ. ಎಲ್ಲರ ಮದುವೆಯ ಊಟವನ್ನೂ ಉಂಡು ಬಂದಿದ್ದೇನೆ.

ಮೊನ್ನೆ ಬಂದ ಹುಡುಗಿ ಮಾತ್ರ ಸ್ವಲ್ಪ ಮೊಂಡು. "ಸರಿಯಾದ್ದೇ ಹೇಳಿದ್ರೆ ಎಂತ ಆಗ್ತು ಅಕ್ಕಾ?" ಎಂದು ಕೇಳಿದಳು. ಹೆದರಲಿ ಎಂದು ಬಿಳಗಿಯ ಹುಡುಗಿಯ ಕತೆ ಹೇಳಿದೆ. ಅವಳು ಹೆದರಲಿಲ್ಲ.

"ಜಾತಕ ವಾಪಸ್ ಬಂದ ಮೇಲೆ ಆ ಬಿಳಗಿ ಕೂಸು ಎಂತ ಮಾಡಿತು?"

ಇಷ್ಟು ವರ್ಷಗಳಲ್ಲಿ ನಾನು ಒಮ್ಮೆಯೂ ವಿಚಾರಿಸಿರಲಿಲ್ಲ. ಗೊತ್ತಿದ್ದೂ ಗೊತ್ತಿಲ್ಲ ಎಂದು ಎಷ್ಟೋ ಸಲ ಹೇಳಿದ್ದ ಬಾಯಿ, ಅಂದು ಮೊದಲ ಬಾರಿಗೆ ನಿಜವಾಗಿಯೂ ಗೊತ್ತಿಲ್ಲದೆ "ಗೊತ್ತಿಲ್ಲೆ" ಎಂದಿತು.