ಬಿಯರ್ ಪೆಟ್ಟಿಗೆಗೆ ಅತ್ತೆಯವರ ಎಲ್‌ಸಿ

ಜನ ಏನೇನನ್ನೋ ಮುಚ್ಚಿಡುತ್ತಾರೆ. ವಯಸ್ಸು, ಸಕ್ಕರೆ ಕಾಯಿಲೆ, ಬೋಳುತಲೆ. ನಾನು ಮುಚ್ಚಿಡುವುದು ನನ್ನ ಪದವಿಯನ್ನು. ಮೈಸೂರಿನಲ್ಲಿ ನಾಲ್ಕು ವರ್ಷ (ನಾಲ್ಕೂವರೆ, ಆ ಅರ್ಧದ ಬಗ್ಗೆ ದಯವಿಟ್ಟು ಕೇಳಬೇಡಿ) ಓದಿ ಎಲೆಕ್ಟ್ರಿಕಲ್ ಎಂಜಿನಿಯರ್ ಆದವನು ನಾನು. ಆಮೇಲೆ ಕಂಪ್ಯೂಟರಿನ ಮುಂದೆ ಕೂತವನು ಇವತ್ತಿನವರೆಗೂ ಎದ್ದಿಲ್ಲ. ಇಂಗ್ಲಿಷರ ನಾಡಿನ ಹೌನ್ಸ್ಲೋದ ನಮ್ಮ ಮನೆಯಲ್ಲಿ ಪ್ಲಗ್ಗಿನ ಫ್ಯೂಸ್ ಹೋದರೆ ಹಾಕುವವಳು ನನ್ನ ಹೆಂಡತಿ ಶೈಲಾ. ನಾನು ಎರಡು ಮಾರು ದೂರ ನಿಂತು "ಹುಷಾರು ಕಣೇ" ಅನ್ನುತ್ತೇನೆ.

ಇಂಥ ನನಗೆ ಮನೆಯಲ್ಲೇ ಬಿಯರ್ ಮಾಡುವ ಹುಚ್ಚು ಹತ್ತಿತು. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ದೊಡ್ಡ ಸ್ಟೀಲ್ ಪಾತ್ರೆಯ ಬಿಸಿನೀರಿಗೆ ಸುರಿದು, ಒಂದು ಗಂಟೆ ಅರವತ್ತಾರು ಡಿಗ್ರಿಯಲ್ಲೇ ಇಡಬೇಕು. ಹೆಚ್ಚಾದರೂ ಕೆಟ್ಟಿತು, ಕಡಿಮೆಯಾದರೂ ಕೆಟ್ಟಿತು. ನನ್ನ ಮೊದಲ ಮೂರು ಪ್ರಯತ್ನಗಳು ಗಂಜಿಯಾಗಿ ಸಿಂಕಿನ ಪಾಲಾದವು. ಆಗ ಹೊಳೆದದ್ದು ಕಂಟ್ರೋಲ್ ಪೆಟ್ಟಿಗೆ. ನೀರಿನ ಬಿಸಿ ಅಳೆಯುವ ಪುಟ್ಟ ಯಂತ್ರ, ಅದರ ಮಾತು ಕೇಳಿ ಹೀಟರನ್ನು ಹಚ್ಚಿ ಆರಿಸುವ ಒಂದು ರಿಲೇ, ಒಂದು ಸ್ವಿಚ್ಚು, ಒಂದು ಕೆಂಪು ದೀಪ, ಅಷ್ಟೇ. ಸಾಮಾನುಗಳನ್ನೆಲ್ಲ ಅಡುಗೆಮನೆಯಲ್ಲಿ ಹರಡಿಕೊಂಡು ಕೂತಿದ್ದಾಗ ಗದಗಿನಿಂದ ಬಂದಿದ್ದ ಅತ್ತೆ ಹಿಂದೆ ಬಂದು ನಿಂತರು. ಮೂವತ್ತು ವರ್ಷ ಕರೆಂಟಿನ ಸಬ್‌ಸ್ಟೇಷನ್ನಿನಲ್ಲಿ ಆಪರೇಟರ್ ಆಗಿದ್ದು ನಿವೃತ್ತರಾದವರು. "ಏನ್ರಿ ಅಳಿಯಾರ, ಇದು?" ಎಂದರು. ಬಾರ್ಲಿ ಕುದಿಸುವುದಕ್ಕೆ, ಮೈಗೆ ತಂಪು ಎಂದೆ. ಅವರು ಹುದುಗಿನ ಡಬ್ಬಿಯೊಂದನ್ನು ಮೂಸಿದರು. "ಬಿಯರ್ ಅನ್ರಲಾ. ನಿಮ್ಮ ಮಾವಾರೂ ಕುಡೀತಿದ್ರು. ಮಾಡಾಕ ಬರ್ತಿದ್ದಿಲ್ಲ ನೋಡ್ರಿ." ಅದು ಬೈಗುಳವೋ ಹೊಗಳಿಕೆಯೋ ಇವತ್ತಿಗೂ ನನಗೆ ಗೊತ್ತಾಗಿಲ್ಲ.

ಆ ಶನಿವಾರ ಮಧ್ಯಾಹ್ನ ನಾನು ಸ್ಕ್ರೂಡ್ರೈವರ್ ಎತ್ತಿದ್ದೇ ತಡ, "ಎಲ್‌ಸಿ ತಗೊಂಡೀರೇನ್ರಿ?" ಎಂದರು. ಎಲ್‌ಸಿ ಅಂದರೆ ಲೈನ್ ಕ್ಲಿಯರ್. ಲೈನ್‌ಮನ್ ಕಂಬ ಹತ್ತುವ ಮೊದಲು ಸಬ್‌ಸ್ಟೇಷನ್ನಿನಿಂದ ಅದನ್ನು ಪಡೆಯಬೇಕು. ಆಪರೇಟರ್ ಲೈನು ಆಫ್ ಮಾಡಿ ಪುಸ್ತಕದಲ್ಲಿ ಅವನ ಹೆಸರು ಬರೆದುಕೊಳ್ಳುತ್ತಾರೆ. ಕೆಲಸ ಮುಗಿಸಿ ಅವನೇ ವಾಪಸ್ ಕೊಡುವ ತನಕ ಮತ್ತೆ ಕರೆಂಟ್ ಹಾಕುವಂತಿಲ್ಲ. ಅತ್ತೆ ಮೊಮ್ಮಗಳ ಹಳೇ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು, ನನ್ನ ಹೆಸರು, ವೇಳೆ ಬರೆದು, ಸಹಿ ಹಾಕಿಸಿಕೊಂಡು, ಇಡೀ ಮನೆಯ ಮೇನ್ ಆಫ್ ಮಾಡಿದರು. ಒಂದು ಪುಟ್ಟ ಪೆಟ್ಟಿಗೆಗೆ ಇಷ್ಟೆಲ್ಲ ಯಾಕೆ ಅನ್ನಿಸಿತು. ಆದರೂ ಎಷ್ಟೋ ವರ್ಷಗಳ ಮೇಲೆ ಯಾರೋ ನನ್ನನ್ನು ಕರೆಂಟಿನ ಮನುಷ್ಯ ಎಂದು ನಂಬಿದ್ದಾರಲ್ಲ ಎಂದು ಎದೆಯುಬ್ಬಿತು. ಅರ್ಧ ಕೆಲಸ ಆಗುವಷ್ಟರಲ್ಲಿ, ತಂತಿ ಒಳಹೋಗುವ ತೂತಿಗೆ ಹಾಕುವ ರಬ್ಬರ್ ಬಳೆ ಇಲ್ಲವೆಂದು ಗೊತ್ತಾಯಿತು. ಹತ್ತು ನಿಮಿಷದಲ್ಲಿ ತಂದುಬಿಡುತ್ತೇನೆಂದು ಬಸ್ಸು ಹತ್ತಿದೆ. ಅಂಗಡಿಯ ಬಾಗಿಲಲ್ಲೇ ಹಳೆಯ ಸಹೋದ್ಯೋಗಿಯೊಬ್ಬರು ಸಿಕ್ಕರು. ಕಾಫಿ ಆಯಿತು. ಕಾಫಿಯ ಮೇಲೆ ಮಾತಾಯಿತು. ಮಾತಿನ ಮೇಲೆ ಇನ್ನೊಂದು ಕಾಫಿಯಾಯಿತು.

ಇತ್ತ ಮನೆಯಲ್ಲಿ ನಡೆದದ್ದನ್ನು ಆಮೇಲೆ ಕೇಳಿದ್ದು. ಸಂಜೆ ಆರಕ್ಕೆ ಹತ್ತಿರದ ಸಟನ್ನಿನಿಂದ ಎರಡು ಸಂಸಾರ ಊಟಕ್ಕೆ ಬರುವುದಿತ್ತು. ಒಲೆ ಕರೆಂಟಿನದು, ಕೆಟಲ್ ಕರೆಂಟಿನದು. ಶೈಲಾ ನನಗೆ ಫೋನ್ ಮಾಡಿದಳು. ಅದು ಅತ್ತೆಯವರ ಪಕ್ಕದಲ್ಲೇ, ಬ್ರೆಡ್ಡಿನ ಡಬ್ಬದ ಮೇಲೆ ರಿಂಗಾಯಿತು. "ಅವ್ವಾ, ಸಾಕು ಮಾಡು. ಆರಕ್ಕ ಮಂದಿ ಬರ್ತಾರ. ಮೇನ್ ಹಾಕು" ಎಂದಳು. "ತಗೊಂಡವರ ಬಂದು ವಾಪಸ್ ಕೊಡಬೇಕು" ಎಂದರು ಅತ್ತೆ. "ನಾ ಅವರ ಹೆಣ್ತಿ!" "ನೀ ಹೆಣ್ತಿ ಇರಬಹುದು, ನನ್ನ ಮಗಳೂ ಇರಬಹುದು. ಎಲ್‌ಸಿ ನಿನ್ನ ಹೆಸರಿಲೆ ಇಲ್ಲ." ಅತ್ತೆ ಕುರ್ಚಿಯೊಂದನ್ನು ಎಳೆದು ಮೇನ್ ಇರುವ ಫ್ಯೂಸ್ ಪೆಟ್ಟಿಗೆಯ ಕೆಳಗೇ ಹಾಕಿಕೊಂಡು ಕೂತುಬಿಟ್ಟರಂತೆ. ಎರಡೂವರೆ ಗಂಟೆ ಅಲ್ಲಾಡಲಿಲ್ಲ.

ನಾನು ಬಂದಾಗ ಬಾಗಿಲಲ್ಲಿ ಮಗಳು, "ಡ್ಯಾಡ್, ಅಜ್ಜಿ ಹ್ಯಾಸ್ ಕ್ಯಾನ್ಸಲ್ಡ್ ದಿ ಇಂಟರ್ನೆಟ್" ಎಂದಳು. ಒಳಗೆ ಶೈಲಾ ತಣ್ಣೀರಿನಲ್ಲೇ ಪಾತ್ರೆ ಉಜ್ಜುತ್ತಿದ್ದಳು. ಉಜ್ಜುತ್ತಿದ್ದ ರಭಸ ನೋಡಿದರೆ ಪಾತ್ರೆಯ ಜಾಗದಲ್ಲಿ ನಾನಿದ್ದೆ ಅನ್ನಿಸಿತು. "ಬಂದ್ರಾ ಎಂಜಿನಿಯರ್ ಸಾಹೇಬ್ರು?" ಎಂದಳು. ಅವಳನ್ನು ಸಮಾಧಾನ ಮಾಡುವ ಅವಸರದಲ್ಲಿ ನಾನು, "ಅತ್ತೆ, ಎಲ್‌ಸಿ ವಾಪಸ್! ಮೇನ್ ಹಾಕಿ" ಎಂದು ಕೂಗಿದೆ. ಅತ್ತೆ ಕುರ್ಚಿಯಿಂದ ಏಳಲಿಲ್ಲ. ಕನ್ನಡಕ ಸರಿಮಾಡಿಕೊಂಡು ಕೇಳಿದರು: "ನೋಡಿ ಹೇಳಿದ್ರ್ಯೋ, ನೋಡದ ಹೇಳಿದ್ರ್ಯೋ?"

ತಿರುಗಿ ನೋಡಿದೆ. ಬಿಯರ್ ಪೆಟ್ಟಿಗೆಯ ಪ್ಲಗ್ಗನ್ನು ನಾನು ಸಾಕೆಟ್ಟಿನಿಂದ ಕಿತ್ತೇ ಇರಲಿಲ್ಲ. ಸ್ವಿಚ್ಚೂ ಆನ್ ಇತ್ತು. ಹೀಟರಿಗೆ ಜೋಡಿಸಬೇಕಾದ ತಂತಿಯ ತುದಿಗಳು ಸಿಪ್ಪೆ ಸುಲಿದುಕೊಂಡು, ತಾಮ್ರ ಹೊಳೆಯುತ್ತ, ಸ್ಟೀಲ್ ಸಿಂಕಿನ ಅಂಚಿಗೆ ಒರಗಿ ಮಲಗಿದ್ದವು. ಆ ಸಿಂಕಿನ ನೀರಿನಲ್ಲಿ ಶೈಲಾಳ ಎರಡೂ ಕೈಗಳಿದ್ದವು. ಇಲ್ಲಿಯ ಮನೆಗಳಲ್ಲಿ ಅಪಾಯ ಕಂಡರೆ ತಂತಾನೇ ಆರುವ ಸ್ವಿಚ್ಚಿರುತ್ತದೆ, ಏನೂ ಆಗುತ್ತಿರಲಿಲ್ಲ ಎಂದು ಆಮೇಲೆ ಗೆಳೆಯರು ಹೇಳಿದರು. ಆಗ ನನಗೆ ಅದು ಹೊಳೆಯಲಿಲ್ಲ, ಶೈಲಾಳ ಕೈಗಳನ್ನು ಹಿಡಿದು ನೀರಿನಿಂದ ಆಚೆ ತೆಗೆದೆ. ನನಗೆ ಅಷ್ಟು ಭಯ ಯಾವತ್ತೂ ಆಗಿರಲಿಲ್ಲ. "ನೀವು ಇದನ್ನ ನೋಡಿದ್ರಾ ಅತ್ತೆ?" ಎಂದೆ. "ಇಲ್ರೀ. ನೋಡೋದು ನಿಮ್ಮ ಕೆಲಸ. ನೀವು ನೋಡಿ ಹೇಳೂತನಕ ಹಾಕದ ಇರೋದು ನನ್ನ ಕೆಲಸ."

ಶೈಲಾ ಮೆಲ್ಲಗೆ ಕೈ ಒರೆಸಿಕೊಂಡು ಅವ್ವನ ಪಕ್ಕ ನೆಲದ ಮೇಲೆ ಕೂತಳು. ಅತ್ತೆ ಅವಳ ತಲೆ ಸವರುತ್ತ, ನಿನ್ನೆ ಮೊನ್ನೆಯ ಸಂಗತಿಯ ಹಾಗೆ ಹೇಳಿದರು. ಯಾರೋ ಮಂತ್ರಿಗಳ ಭಾಷಣವಿತ್ತಂತೆ, ಮೈಕಿಗೆ ಕರೆಂಟಿಲ್ಲ. "ಎಲ್ಲಾರೂ ಕೆಳಗ ಇಳದಾರ, ಲೈನ್ ಚಾರ್ಜ್ ಮಾಡು, ಕರೆಂಟ್ ಹಾಕು ಅಂತ ಮೂರು ಮಂದಿ ಸಾಹೇಬ್ರು ಫೋನ್ ಮಾಡಿದ್ರು. ಸಸ್ಪೆಂಡ್ ಮಾಡ್ತೀನಿ ಅಂದ್ರು. ಎಲ್‌ಸಿ ಇದ್ದದ್ದು ಲೈನ್‌ಮನ್ ಫಕೀರಪ್ಪನ ಹೆಸರಿಲೆ. ಅಂವ ಫೋನ್ ಮಾಡಿದ್ದಿಲ್ಲ. ಯಾಕಂದ್ರ ಅಂವ ಇನ್ನೂ ಕಂಬದ ಮ್ಯಾಲೇ ಇದ್ದ." ಹೋದ ವರ್ಷ ಫಕೀರಪ್ಪ ತನ್ನ ಮೊಮ್ಮಗಳ ಮದುವೆಗೆ ಕರೆದಿದ್ದ, ಹೋಳಿಗೆ ಚೆನ್ನಾಗಿತ್ತು ಎಂದರು.

ನಾನು ಎಲೆಕ್ಟ್ರಿಕಲ್ ಪುಸ್ತಕಗಳನ್ನು ಓದಿದ್ದೆ, ಯಂತ್ರಗಳನ್ನು ಕಂಡು ಬೆರಗಾಗಿದ್ದೆ. ಫ್ಯೂಸ್ ಪೆಟ್ಟಿಗೆಯ ಕೆಳಗೆ ಕುರ್ಚಿ ಹಾಕಿಕೊಂಡು ಕೂತ ಮನುಷ್ಯರನ್ನು ಕಂಡು ಬೆರಗಾದದ್ದು ಅದೇ ಮೊದಲು. ಆಮೇಲೆ ಪ್ಲಗ್ ಕಿತ್ತು ಅತ್ತೆಯವರ ಕೈಗೆ ಕೊಟ್ಟು, ಅವರು ಹೇಳಿದಂತೆ ಮೊದಲು ಅರ್ಥ್ ತಂತಿ, ಉಳಿದದ್ದು ಆಮೇಲೆ ಎಂದು ಒಂದೊಂದನ್ನೂ ಎಳೆದು ನೋಡಿ ಬಿಗಿದೆ. ಚಾರ್ಜ್ ಮಾಡಿದಾಗ ಒಳಗೆ ಟಕ್ ಎಂದಿತು, ಕೆಂಪು ದೀಪ ಹತ್ತಿತು, ಅರವತ್ತಾರು ಡಿಗ್ರಿಗೆ ಬಂದು ತಾನೇ ಆರಿತು. ಅಯ್ಯೋ ದೇವರೇ, ಎಷ್ಟು ಚೆಂದವಿತ್ತು! ನಾವು ಮೂವರೂ ಆ ದೀಪ ನೋಡುತ್ತ ನಿಂತೆವು. ಅತಿಥಿಗಳಿಗೆ ಹೊರಗಿನಿಂದ ತರಿಸಿದ ಬಿರಿಯಾನಿಯೇ ಗತಿಯಾಯಿತು.

ವೀಸಾ ಮುಗಿದು ಅತ್ತೆ ಗದಗಿಗೆ ಹೋದರು, ನೋಟ್‌ಬುಕ್ಕನ್ನೂ ಒಯ್ದರು. ಈಗ ನನಗೆ ಎಲ್‌ಸಿ ಗದಗಿನಿಂದಲೇ ಬರಬೇಕು, ಫೋನಿನಲ್ಲಿ. ಮೊನ್ನೆ ಕೆಲಸ ಮುಗಿಸಿ, ನೋಡಿಯೇ ಹೇಳುತ್ತಿದ್ದೇನೆ, ಎಲ್‌ಸಿ ವಾಪಸ್ ಎಂದೆ. "ಕೈ ತೋರಸ್ರಿ" ಎಂದರು. ಎರಡೂ ಕೈಗಳನ್ನು ಬಿಡಿಸಿ ಕ್ಯಾಮೆರಾಕ್ಕೆ ಹಿಡಿದೆ. ಅವರು ಒಂದೊಂದೇ ಬೆರಳನ್ನು ನಿಧಾನವಾಗಿ ಎಣಿಸಿ, "ಹತ್ತೂ ಅದಾವ. ಚಾರ್ಜ್ ಮಾಡ್ರಿ" ಎಂದರು. ಆಗಷ್ಟೇ ನಾನು ಬಟನ್ ಒತ್ತಿದೆ. ಅವತ್ತು ನಾನು ಮಾಡಿದ್ದು ಇಷ್ಟೇ, ಟಿವಿ ರಿಮೋಟಿಗೆ ಎರಡು ಹೊಸ ಸೆಲ್ ಹಾಕಿದ್ದು.