ಕಬ್ಬಿಣದಂಗಡಿ ಸೊಸೆಗೆ ಕಬ್ಬಿಣ ಸಾಲದು

ಹರಿಹರದ ಒಂದು ಪುಟ್ಟ ಹೆರಿಗೆ ಆಸ್ಪತ್ರೆಯಲ್ಲಿ ಬಸುರಿಯರಿಗೆ ಏನು ತಿನ್ನಬೇಕು, ಏನು ಬಿಡಬೇಕು ಅಂತ ಹೇಳುವುದು ನನ್ನ ಕೆಲಸ. ನಾನು ಹೇಳುವುದು ಒಂದು, ಅವರು ಕೇಳಿಸಿಕೊಳ್ಳುವುದು ಇನ್ನೊಂದು. ವಾರಕ್ಕೊಮ್ಮೆಯಾದರೂ ಹೀಗಾಗದಿದ್ದರೆ ನನಗೇ ಬೇಜಾರು. ಆದರೆ ಈ ವರ್ಷ ದಾವಣಗೆರೆ ಮಂಡಿಪೇಟೆಯ ಒಂದೇ ಮನೆಯವರು ಉಳಿದವರನ್ನೆಲ್ಲ ಹಿಂದೆ ಹಾಕಿಬಿಟ್ಟರು.

೧. ಎಷ್ಟು ಎಂಎಂ?

ಹುಡುಗಿಯ ತವರು ಹರಿಹರ, ಗಂಡನ ಮನೆ ದಾವಣಗೆರೆ. ಚೊಚ್ಚಲ ಹೆರಿಗೆ ಅಮ್ಮನ ಮನೆ ಪಕ್ಕದ ನಮ್ಮ ಆಸ್ಪತ್ರೆಯಲ್ಲೇ ಆಗಬೇಕು ಅಂತ ಅವಳ ಹಟ. ಆದರೆ ಹಿಮೋಗ್ಲೋಬಿನ್ ಬರೀ ಎಂಟು. ಡಾಕ್ಟರು ಖಡಾಖಂಡಿತ ಹೇಳಿದರು: "ರಕ್ತ ಏರಿಸೋ ವ್ಯವಸ್ಥೆ ನಮ್ಮಲ್ಲಿಲ್ಲ. ಒಂಬತ್ತು ತಿಂಗಳು ತುಂಬೋದ್ರೊಳಗೆ ಇದು ಹತ್ತು ದಾಟಿದ್ರೆ ಇಲ್ಲಿ, ಇಲ್ಲಾಂದ್ರೆ ದಾವಣಗೆರೆ ದೊಡ್ಡಾಸ್ಪತ್ರೆ." ಮಾತ್ರೆ ಬರೆದುಕೊಟ್ಟು ಊಟದ ವಿಚಾರಕ್ಕೆ ನನ್ನ ಹತ್ತಿರ ಕಳಿಸಿದರು.

"ನಿಮ್ಮ ಮನೆಯವರಿಗೆ ಕಬ್ಬಿಣ ಕಡಿಮೆ ಐತೆ" ಎಂದೆ ಗಂಡನಿಗೆ.

ಅವನು ಎದೆಯುಬ್ಬಿಸಿದ. "ಅದಕ್ಯಾಕ ಚಿಂತಿ ಮೇಡಂ? ನಮ್ದು ಕಬ್ಬಿಣದ ಅಂಗಡೀನೇ ಐತೆ. ಎಂಟು ಎಂಎಂ ಸರಳು ಬೇಕೋ, ಹನ್ನೆರಡು ಎಂಎಂ ಬೇಕೋ?"

ನುಗ್ಗೆಸೊಪ್ಪು, ಹುರುಳಿಕಾಳು, ಎಳ್ಳುಂಡೆ, ಊಟದ ಮೇಲೊಂದಿಷ್ಟು ನಿಂಬೆಹಣ್ಣಿನ ಹುಳಿ ಅಂತ ಬಿಡಿಸಿ ಹೇಳಿದೆ. ಅಷ್ಟೂ ಹೊತ್ತು ಜೊತೆಗೆ ಬಂದಿದ್ದ ಹುಡುಗಿಯ ಅತ್ತೆ ಬಾಗಿಲ ಕಡೆಯೇ ನೋಡುತ್ತಿದ್ದರು. ಕೊನೆಗೆ ನನ್ನ ಕಿವಿಯ ಹತ್ತಿರ ಬಂದರು. "ಮೆಲ್ಲಕ ಮಾತಾಡ್ರಿ ಮೇಡಂ. ಕಬ್ಬಿಣ ಮಾರೋರ ಸೊಸಿಗೆ ಕಬ್ಬಿಣ ಇಲ್ಲ ಅಂತ ಮಂಡಿಪೇಟೆಗೆ ಗೊತ್ತಾದ್ರೆ, ನಮ್ಮ ಮಾಲಿನ ಮ್ಯಾಲೆ ಅನುಮಾನ ಬರ್ತೈತೆ!"

೨. ಯಾರೂ ಸೊಪ್ಪು ಹಾಕಲ್ಲ

ಮುಂದಿನ ಸಲ ಬಂದಾಗ ಹಿಮೋಗ್ಲೋಬಿನ್ ಇದ್ದಲ್ಲೇ ಇತ್ತು. ಅತ್ತೆ ಹೊರಗೆ ಕೂತಿದ್ದರು. ಸೊಸೆಯನ್ನು ಒಬ್ಬಳನ್ನೇ ಒಳಗೆ ಕರೆದು "ಸೊಪ್ಪು ಹಾಕ್ತಾರೇನಮ್ಮ ನಿನಗೆ?" ಎಂದು ಕೇಳಿದೆ.

ಅವಳ ಕಣ್ಣು ತುಂಬಿತು. "ಇಲ್ರಿ ಮೇಡಂ. ಆ ಮನೇಲಿ ನಂಗೆ ಯಾರೂ ಸೊಪ್ಪು ಹಾಕಲ್ರಿ."

ನನಗೆ ಸಿಟ್ಟು ನೆತ್ತಿಗೇರಿತು. ಅತ್ತೆಯನ್ನು ಒಳಗೆ ಕರೆದು, ಬಸುರಿ ಹೆಂಗಸಿಗೆ ಹೀಗೆ ಮಾಡೋದಾ ಅಂತ ಚೆನ್ನಾಗಿ ತರಾಟೆಗೆ ತೆಗೆದುಕೊಂಡೆ. ಅವರು ಬಾಯಿ ಬಡಿದುಕೊಂಡರು. "ಅಯ್ಯೋ ಶಿವನೇ! ಬೆಳಗ್ಗೆ ಮೆಂತ್ಯ, ಮಧ್ಯಾಹ್ನ ನುಗ್ಗೆ, ರಾತ್ರಿ ರಾಜಗಿರಿ ಹಾಕ್ತೀನ್ರಿ! ಮನೆಮಂದಿಯೆಲ್ಲ ಆಡು ಆಗೀವಿ!"

ಸೊಸೆ ಮೂಗು ಒರೆಸಿಕೊಂಡಳು. "ತಾಟಿಗೆ ಹಾಕ್ತಾರ್ರಿ. ನನ್ನ ಮಾತಿಗೆ ಹಾಕಲ್ರಿ. ತವರಿಗೆ ಕಳಿಸ್ರಿ ಅಂದ್ರೆ ಕಿವಿ ಮ್ಯಾಲೇ ಹಾಕ್ಕೊಳಲ್ಲ!"

೩. ಮಂಡಕ್ಕಿ ಊಟವೋ?

ಇಷ್ಟು ಸೊಪ್ಪು ತಿಂದೂ ಏರದೆ ಇರುವುದಕ್ಕೆ ಏನೋ ಕಾರಣ ಇರಲೇಬೇಕು. ಚಹಾ ವಿಚಾರ ಕೇಳಿದೆ. ಊಟದ ಜೊತೆ ಚಹಾ ಕುಡಿದರೆ ತಿಂದ ಕಬ್ಬಿಣ ಮೈಗೆ ಹತ್ತುವುದಿಲ್ಲ ಅಂತ ಮೊದಲೇ ಹೇಳಿದ್ದೆ.

"ಊಟದ ಜೊತೆ ಮುಟ್ಟಲ್ರಿ" ಎಂದಳು ಸೊಸೆ. "ಮಂಡಕ್ಕಿ-ಮೆಣಸಿನಕಾಯಿ ಜೊತೆ ಕುಡೀತೀನಿ."

"ಎಷ್ಟು ಸಲ?"

"ಮಂಡಕ್ಕಿ ತಿಂದಾಗೆಲ್ಲ."

"ಮಂಡಕ್ಕಿ ಯಾವಾಗ ತಿಂತೀಯ?"

"ಸೊಪ್ಪು ತಿಂದ ಮ್ಯಾಲೆ ಬಾಯಿ ಸಪ್ಪಗಾಗ್ತದಲ್ರಿ, ಆವಾಗ."

ಅತ್ತೆ ತಕ್ಷಣ ಸೊಸೆಯ ಪಕ್ಷ ವಹಿಸಿದರು. ಅವರಿಬ್ಬರೂ ಒಂದಾದದ್ದನ್ನು ನಾನು ನೋಡಿದ್ದು ಅದೇ ಮೊದಲು. "ಮಂಡಕ್ಕಿ ಊಟ ಹೆಂಗೆ ಆಗ್ತದ್ರಿ ಮೇಡಂ? ಅದು ಟೈಂಪಾಸು!"

ನಾನೂ ದಾವಣಗೆರೆಯವಳೇ, ದೇವರಾಜ ಅರಸು ಬಡಾವಣೆಯವಳು. ಮಂಡಕ್ಕಿ ಬಿಡು ಅನ್ನಲು ನನಗೆ ನಾಲಿಗೆ ಏಳಲಿಲ್ಲ. ಚಹಾ ಬಿಡಿಸಿ, ಆ ಜಾಗಕ್ಕೆ ನಿಂಬೆ ಶರಬತ್ತು ತಂದೆ.

೪. ಕಬ್ಬಿಣ ಏರಿತು

ಒಂಬತ್ತನೇ ತಿಂಗಳ ಪರೀಕ್ಷೆಯ ದಿನ ಹುಡುಗಿ ಬೆವರುತ್ತಿದ್ದಳು, ಅವಳಮ್ಮ ಮೂಲೆಯಲ್ಲಿ ಕೈಮುಗಿದು ಕೂತಿದ್ದರು. ರಿಪೋರ್ಟ್ ಬಂತು. ಹನ್ನೊಂದು! ನನಗೇ ಕುಣಿಯುವಷ್ಟು ಖುಷಿಯಾಯಿತು. ಹುಡುಗಿ ಅಮ್ಮನನ್ನು ಬಿಟ್ಟು ಅತ್ತೆಯನ್ನು ತಬ್ಬಿಕೊಂಡಳು. ಅತ್ತೆ "ಹೋಗವ್ವ, ಇಲ್ಲೇ ನಿಮ್ಮವ್ವನ ಹತ್ರ ಇದ್ದು ಹಡಿ" ಅಂದು ಅತ್ತೇಬಿಟ್ಟರು.

ಗಂಡ ಆಗಲೇ ಅಂಗಡಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದ್ದ. "ಅಪ್ಪಾಜಿ! ಕಬ್ಬಿಣ ಏರೈತೆ! ಒಂದೇ ಸಲಕ್ಕೆ ಮೂರು ಏರೈತೆ!"

ಆ ಕಡೆ ಗದ್ದಲವೋ ಗದ್ದಲ. ಅಂಗಡಿಯಲ್ಲಿ ಸರಳು ಕೊಳ್ಳಲು ಬಂದಿದ್ದ ಗಿರಾಕಿಯೊಬ್ಬರು ಫೋನು ಕಿತ್ತುಕೊಂಡರಂತೆ, ನನಗೆ ಆಮೇಲೆ ಗೊತ್ತಾಗಿದ್ದು. "ಯಾರ್ರೀ ಹೇಳಿದ್ದು ನಿಮಗೆ?"

"ಇಲ್ಲೇ ಮೇಡಂ ಅದಾರೆ, ಕೇಳ್ರಿ" ಎಂದು ಗಂಡ ಫೋನು ನನ್ನ ಕೈಗಿಟ್ಟ.

"ಮೇಡಂ, ಇನ್ನೂ ಏರ್ತೈತೇನ್ರಿ?"

ಮನೆಯವರೇ ಯಾರೋ ಕಾಳಜಿಯಿಂದ ಕೇಳುತ್ತಿದ್ದಾರೆ ಅಂದುಕೊಂಡೆ. "ಸದ್ಯಕ್ಕೆ ಏರ್ತೈತ್ರಿ. ಹೆರಿಗೆ ಆದಮೇಲೆ ಸ್ವಲ್ಪ ಇಳಿಯುತ್ತೆ" ಎಂದೆ.

ಆ ಕಡೆಯಿಂದ ಬಹಳ ವಿನಯದ ದನಿ ಬಂತು.

"ಹಂಗಾದ್ರೆ ಹೆರಿಗೆ ಯಾವತ್ತು ಅಂತ ಒಂದು ಮಾತು ಹೇಳಿಬಿಡ್ರಿ ಮೇಡಂ. ನಮ್ಮನೆ ಮೋಲ್ಡಿಂಗು ಅಲ್ಲೀತನಕ ನಿಲ್ಲಿಸ್ತೀನಿ."